ಅಜ್ಜಿಮನೆಯ ಕಲ್ಲು ಬಂದ ಹೊಂಡ ಮತ್ತು ಅದರ ಪಕ್ಕದ ನೀಲಿ ನೀರು

ಕುಮಟಾ ಮತ್ತು ಹೊನ್ನಾವರದ ನಡುವೆ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ಹೊರಳಿ, ಗದ್ದೆಬಯಲನ್ನು ದಾಟಿ, ಅಡಿಕೆ ತೋಟದ ಅಂಚಿನ ಏರನ್ನು ಹತ್ತಿ ಬೇಣ ಎಂಬ ಹುಲ್ಲುಗುಡ್ಡದ ನೆತ್ತಿಗೆ ಬಂದರೆ ಅಲ್ಲಿ ಮನೆ ಕಟ್ಟುವ ಕೆಂಪು ಚಿರೆಕಲ್ಲು ಕಡಿದು ಬಿಟ್ಟ ಮೂರು ಹೊಂಡಗಳಿವೆ. ನಾವು ಚಿಕ್ಕವರಿದ್ದಾಗ ಅದು ಹಿರಿಯರು ಹೆದರುತ್ತಿದ್ದ ಜಾಗ; ದನ ಬಿದ್ದೀತು, ಮಕ್ಕಳು ಇಳಿದಾರು ಎಂದು ಅತ್ತ ಸುಳಿಯಲೂ ಬಿಡುತ್ತಿರಲಿಲ್ಲ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರದ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಕೆಂಪು ಗೋಡೆಗಳ ನಡುವೆ, ಧೋತರಕ್ಕೆ ಹಾಕುವ ನೀಲಿ ಕೈತಪ್ಪಿ ಹೆಚ್ಚು ಬಿದ್ದಾಗ ಬಕೆಟ್ಟಿನಲ್ಲಿ ಕಾಣುವಂಥ ತಿಳಿನೀಲಿ ನೀರು. ‘ನಮ್ಮ ಜಿಲ್ಲೆಯದೇ ಅಂತೆ, ಮೇಡಂ, ಎಲ್ಲಿ ಅಂತ ಗೊತ್ತಿಲ್ಲ’ ಎಂದರು. ನನಗೆ ಗೊತ್ತಿತ್ತು. ನೀರಿನ ಮೇಲೆ ಬಾಗಿದ್ದ ಒಂಟಿ ಗೇರುಮರವನ್ನು ನೋಡಿದ ಕೂಡಲೇ ಅದು ನನ್ನ ಅಜ್ಜಿಮನೆಯ ಮೇಲಿನ ಬೇಣ ಎಂಬುದು ತಿಳಿಯಿತು.

ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ.

ಅಕ್ಟೋಬರಿನ ಒಂದು ಭಾನುವಾರ ಬೆಳಗಿನ ರೈಲಿನಲ್ಲಿ ಕುಮಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಅಜ್ಜಿಮನೆಗೆ ಹೋದೆ. ಅಜ್ಜ ಅಜ್ಜಿ ಈಗಿಲ್ಲ. ಸೋದರಮಾವ ಇದ್ದಾರೆ, ಎಪ್ಪತ್ತು ದಾಟಿದವರು, ಇನ್ನೂ ದಿನಕ್ಕೊಮ್ಮೆ ಬೇಣ ಹತ್ತಿ ಇಳಿಯುವವರು. ನೀಲಿ ನೀರನ್ನು ನೋಡಬೇಕೆಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡುವಾ, ಆದರೆ ಮೊದಲು ಹಳೇ ಹೊಂಡ ನೋಡಿ ಆಮೇಲೆ ಅಲ್ಲಿಗೆ ಹೋಗುವಾ ಮಗಾ’ ಎಂದರು. ಆ ಕ್ರಮವೇ ಸರಿಯಾಗಿತ್ತು ಎಂಬುದು ನನಗೆ ಸಂಜೆಯ ಹೊತ್ತಿಗೆ ಮನದಟ್ಟಾಯಿತು.

ಬೇಣ ಎಂದರೆ ನಮ್ಮ ಕಡೆ ಹುಲ್ಲು ಬೆಳೆಯುವ ಗುಡ್ಡದ ನೆತ್ತಿ. ಮಳೆಗಾಲದಲ್ಲಿ ಅದರ ಕರಿಗಟ್ಟಿದ ಕಲ್ಲಿನ ಹಾಸಿನ ಮೇಲೆ ಬೆರಳಿನ ಗೆಣ್ಣಿನಷ್ಟು ಮಣ್ಣೂ ಇಲ್ಲದಿದ್ದರೂ ಕರ್ಣಕುಂಡಲದ ಗುಲಾಬಿ ಹೂವು, ಅಂಗಿಯ ಗುಂಡಿಯಂತೆ ಬಿಳಿ ತಲೆಯೆತ್ತುವ ಎರಿಯೊಕಾಲಾನ್, ನೀರು ನಿಂತ ಕುಳಿಗಳಲ್ಲಿ ಸಣ್ಣ ಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುವ ಯುಟ್ರಿಕ್ಯುಲೇರಿಯಾದ ನೀಲಿ ಹೂವು ಹಾಸಿದಂತೆ ಬರುತ್ತವೆ. ನಾವು ಹೋದಾಗ ಅವುಗಳ ಕಾಲ ಮುಗಿಯುತ್ತ ಬಂದಿತ್ತು. ಹುಲ್ಲು ಹಳದಿಗೆ ತಿರುಗಿತ್ತು. ಈ ಹೂವುಗಳಿಗೆ ಕಲ್ಲಿನ ಹಾಸೇ ಮನೆ. ಹಾಸನ್ನು ಒಡೆದ ಜಾಗದಲ್ಲಿ ಅವು ಮತ್ತೆ ಬಂದಿರುವುದನ್ನು ನಾನು ಎಲ್ಲಿಯೂ ನೋಡಲಿಲ್ಲ. ಹೊಂಡದ ಅಂಚಿಗೆ ಬಂದಾಗ ಹೂವಿನ ಸಾಲು ಗೆರೆ ಎಳೆದಂತೆ ನಿಂತುಬಿಡುತ್ತದೆ.

ಹಳೆಯ ಹೊಂಡ ಮೂರರಲ್ಲಿ ಚಿಕ್ಕದು. ಆಳ ಎರಡು ಆಳೆತ್ತರಕ್ಕಿಂತ ಹೆಚ್ಚಿಲ್ಲ. ನೀರು ಹಸಿರು, ಅಂಚಿನಲ್ಲಿ ಪಾಚಿ, ನಡುವೆ ನೈದಿಲೆಯ ಎಲೆ, ಎಲೆಯ ಮೇಲೆ ಕಪ್ಪೆ. ಒಂದು ಮಗ್ಗುಲು ಕುಸಿದು ಇಳಿಜಾರಾಗಿರುವುದರಿಂದ ಎಮ್ಮೆಗಳು ಇಳಿದು ಮೀಯುತ್ತವೆ. ಅವುಗಳ ಸಗಣಿ ಗಂಜಲದಿಂದ ಪಾಚಿಗೆ ಗೊಬ್ಬರ ಸಿಗುತ್ತಿರಬೇಕು, ಹಸಿರು ಬಣ್ಣಕ್ಕೆ ಅದೂ ಒಂದು ಕಾರಣವಿರಬಹುದು. ಮಾವ ಅದರ ಪಶ್ಚಿಮದ ಮೂಲೆಗೆ ಕರೆದುಕೊಂಡು ಹೋಗಿ ಕೋಲಿನಿಂದ ನೀರಿನ ಮೇಲಿನ ಗಾಳಿಯಲ್ಲಿ ಒಂದು ಚೌಕ ಬರೆದು, ‘ನಮ್ಮ ಜಗಲಿ ಇದ್ದದ್ದು ಇಲ್ಲಿ’ ಎಂದರು. 1974ರಲ್ಲಿ ಅಜ್ಜ ಮನೆ ಕಟ್ಟಿಸಿದಾಗ ಗೋಡೆಗೆ, ಪಾಗಾರಕ್ಕೆ, ಬಾವಿಕಟ್ಟೆಗೆ, ತುಳಸಿಕಟ್ಟೆಗೆ ಬೇಕಾದ ಅಷ್ಟೂ ಕಲ್ಲು ಈ ಹೊಂಡದಿಂದಲೇ ಬಂದಿತ್ತು. ಆಗ ಯಂತ್ರವಿರಲಿಲ್ಲ. ಕಲ್ಲು ಕಡಿಯುವವರು ಉದ್ದ ಹಿಡಿಯ ಚೂಪು ಕೊಡಲಿಯಿಂದ ನಾಲ್ಕೂ ಕಡೆ ಕಿರಿದಾದ ಕಾಲುವೆ ತೋಡಿ, ಬುಡಕ್ಕೆ ಮೀಟಿ, ಒಂದೊಂದೇ ಕಲ್ಲನ್ನು ಎಬ್ಬಿಸುತ್ತಿದ್ದರು. ಹೊಂಡದ ಗೋಡೆಯಲ್ಲಿ ಆ ಕೊಡಲಿಯ ಏಟಿನ ಗೆರೆಗಳು ಓರೆಯಾಗಿ, ಮೀನಿನ ಮುಳ್ಳಿನಂತೆ, ಈಗಲೂ ಕಾಣುತ್ತವೆ. ಅದೇ ಗೆರೆಗಳು ಅಜ್ಜಿಮನೆಯ ಗಿಲಾವು ಹಾಕದ ಹಿಂಗೋಡೆಯಲ್ಲೂ ಇವೆ. ಚಿಕ್ಕಂದಿನಲ್ಲಿ ಅವುಗಳ ಮೇಲೆ ಬೆರಳಾಡಿಸುತ್ತ ನಿದ್ದೆ ಹೋದ ನನಗೆ ಅವು ಎಲ್ಲಿಂದ ಬಂದವೆಂದು ಕೇಳುವ ಯೋಚನೆ ಆಗ ಬಂದಿರಲಿಲ್ಲ.

ಚಿರೆಕಲ್ಲಿನ ಗುಣವನ್ನು ಬಲ್ಲವರಿಗೆ ಹೊಸತಾಗಿ ಹೇಳಬೇಕಾದ್ದಿಲ್ಲ, ಆದರೂ ಈ ಕಥೆಗೆ ಅದು ಬೇಕು. ನೆಲದೊಳಗೆ ಇರುವಾಗ ಇದು ಕೊಡಲಿಗೆ ಬಗ್ಗುವಷ್ಟು ಮೆದು. ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಈ ವಿಶೇಷವನ್ನು ವಿಜ್ಞಾನದ ಲೋಕಕ್ಕೆ ತಿಳಿಸಿದವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. 1800 ಮತ್ತು 1801ರಲ್ಲಿ ಅವರು ಮೈಸೂರು, ಮಲಬಾರ್ ಮತ್ತು ನಮ್ಮ ಕೆನರಾ ಸೀಮೆಯಲ್ಲಿ ಸಂಚರಿಸಿದರು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಡಿಯುವುದನ್ನು ನೋಡಿ, ಜನ ಅದನ್ನು ಇಟ್ಟಿಗೆ ಕಲ್ಲು ಎಂಬರ್ಥದ ಹೆಸರಿನಿಂದ ಕರೆಯುವುದನ್ನು ಗಮನಿಸಿ, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ‘ಲೇಟರ್’ ಎಂಬ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರು ಕಟ್ಟಿ 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಕಥನದಲ್ಲಿ ಬಳಸಿದರು. ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಇಂದು ಬಳಸುವ ಆ ಹೆಸರಿನ ಹಿಂದೆ ಕಲ್ಲು ಕಡಿಯುವವರ ಮಾತೇ ಇದೆ. ನಮ್ಮ ‘ಜಂಬಿಟ್ಟಿಗೆ’ಯಲ್ಲೂ ಆ ಇಟ್ಟಿಗೆ ಕುಳಿತಿದೆ. ಅಘನಾಶಿನಿಯ ಪಕ್ಕದ ಮಿರ್ಜಾನ ಕೋಟೆಯನ್ನು ನೋಡಿದವರಿಗೆ ಈ ಕಲ್ಲು ಕರಾವಳಿಯ ಮಳೆಯನ್ನು ಶತಮಾನಗಟ್ಟಲೆ ಹೇಗೆ ತಾಳಿಕೊಳ್ಳುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅಲ್ಲಿಂದ ಗೇರುಮರದ ಕಡೆಗೆ ಐದು ನಿಮಿಷದ ನಡಿಗೆ. ದೂರದಿಂದ ನೀರು ಕಾಣುವುದಿಲ್ಲ. ಹುಲ್ಲು, ಹುಲ್ಲಿನಾಚೆ ಇನ್ನೊಂದು ದಡದ ಹುಲ್ಲು, ಅಷ್ಟೇ. ಅಂಚಿಗೆ ಹತ್ತು ಹೆಜ್ಜೆ ಇರುವಾಗ ಒಮ್ಮೆಲೇ ನೆಲ ಕೆಳಗೆ ಬಿದ್ದು, ಕೆಂಪು ಗೋಡೆಗಳ ತಳದಲ್ಲಿ ಆ ನೀಲಿ ಎದುರಾಗುತ್ತದೆ. ಸೌಂದರ್ಯ ಎಂಬ ಪದವನ್ನು ಬಳಸಲು ನನಗೆ ಯಾವ ಅಳುಕೂ ಇಲ್ಲ. ನಾನು ಕಾರವಾರದ ಕಡಲನ್ನು ದಿನವೂ ನೋಡುವವಳು. ಅದರ ನೀಲಿಯಲ್ಲಿ ಆಳವಿದೆ, ಕಪ್ಪಿದೆ. ಇಲ್ಲಿಯದು ಒಳಗಿನಿಂದ ದೀಪ ಹಚ್ಚಿಟ್ಟಂಥ ಬಣ್ಣ. ಮೋಡ ಸರಿದಾಗ ಅದು ಹಸಿರಿನತ್ತ ಒಂದಿಷ್ಟು ವಾಲಿತು, ಮತ್ತೆ ಬಿಸಿಲು ಬಂದಾಗ ಹಾಲು ಬೆರೆಸಿದ ನೀಲಿಯಾಯಿತು. ಗೋಡೆಯ ನೆರಳು ಬಿದ್ದ ಕಡೆ ಮಾತ್ರ ಬೂದುಬಣ್ಣ.

ಗೋಡೆಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋದರೆ ಬಣ್ಣದ ಮೂಲ ಅಲ್ಲಿಯೇ ಬರೆದಿಟ್ಟಂತಿದೆ. ಮೊದಲು ಬೇಣದ ಕರಿ ಹಾಸು. ಅದರ ಕೆಳಗೆ ಕಲ್ಲು ಕಡಿದ ಭಾಗ, ಕಡುಗೆಂಪು, ಹುಳು ತಿಂದಂತೆ ತೂತು ತೂತು. ಇನ್ನೂ ಕೆಳಗೆ ಕೆಂಪಿನ ನಡುವೆ ಹಳದಿ ಮಚ್ಚೆ. ಕೆಂಪು ಬಂದದ್ದು ಹೆಮಟೈಟಿನಿಂದ, ಹಳದಿ ಬಂದದ್ದು ಗೋಯಥೈಟಿನಿಂದ. ಎರಡೂ ಕಬ್ಬಿಣದ ಖನಿಜಗಳೇ. ನೀರಿನ ಮಟ್ಟಕ್ಕೆ ಹತ್ತಿರವಾದಂತೆ ಕಲ್ಲು ಮುಗಿದು ಮಣ್ಣು ಶುರುವಾಗುತ್ತದೆ, ಬಿಳಿ, ನಸುಗೆಂಪು, ಅಲ್ಲಲ್ಲಿ ನೇರಳೆ ಛಾಯೆ. ಅದೇ ಶೇಡಿ. ನಮ್ಮ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು; ಇಂಥ ಮಳೆಯೂ ಬೇಸಿಗೆಯ ಉರಿಯೂ ಲಕ್ಷಾಂತರ ವರ್ಷ ಒಂದರ ಹಿಂದೆ ಒಂದು ಬಂದಾಗ ಮೂಲ ಬಂಡೆಯಲ್ಲಿದ್ದ ಸಿಲಿಕಾ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮೇಲೆ ಗಟ್ಟಿಯಾಗಿ ಉಳಿದು ಚಿರೆಕಲ್ಲಾಗುತ್ತದೆ. ಅದರ ಅಡಿಯಲ್ಲಿ, ಬಂಡೆಯ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಕಯೋಲಿನ್ ಎಂಬ ಬಿಳಿ ಜೇಡಿಯಾಗಿ ಉಳಿಯುತ್ತದೆ. ಕಲ್ಲು ಕಡಿಯುವವರು ‘ಶೇಡಿ ಬಂತು’ ಎಂದರೆ ಆ ಹೊಂಡದ ಕೆಲಸ ಮುಗಿಯಿತು ಎಂದೇ ಅರ್ಥ. ಅದರ ಕೆಳಗೆ ಮಾರುವಂಥದ್ದು ಏನೂ ಇಲ್ಲ. ಹಾಗಾಗಿ ಕೈಬಿಟ್ಟ ಆಳದ ಹೊಂಡಗಳ ತಳದಲ್ಲಿ ಸಾಮಾನ್ಯವಾಗಿ ಶೇಡಿ ಇರುತ್ತದೆ, ಮತ್ತು ಶೇಡಿ ನೀರನ್ನು ಸುಲಭವಾಗಿ ಇಂಗಲು ಬಿಡುವುದಿಲ್ಲ. ಹೊಂಡ ಕೆರೆಯಾದದ್ದು ಹೀಗೆ.

ನೀಲಿಯಾದದ್ದು ಹೇಗೆ? ಇದನ್ನು ನಾನು ತರಗತಿಯಲ್ಲಿ ಬೆಳಕಿನ ಚದುರುವಿಕೆಯ ಪಾಠ ಮಾಡುವಾಗ ಮಕ್ಕಳಿಗೆ ಹೇಳುವಂತೆಯೇ ಹೇಳುತ್ತೇನೆ. ನೀರು ತಾನೇ ಬಿಸಿಲಿನ ಕೆಂಪು ಭಾಗವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೆಲವು ಮೀಟರ್ ಆಳಕ್ಕೆ ಹೋಗಿ ಹಿಂದಿರುಗುವ ಬೆಳಕಿನಲ್ಲಿ ನೀಲಿ ಹಸಿರುಗಳೇ ಉಳಿದಿರುತ್ತವೆ. ಆದರೆ ಬೆಳಕನ್ನು ಹಿಂದಿರುಗಿಸಲು ಒಳಗೆ ಏನಾದರೂ ಇರಬೇಕು. ಆ ಕೆಲಸವನ್ನು ಶೇಡಿಯ ಅತಿ ಸೂಕ್ಷ್ಮ ಕಣಗಳು ಮಾಡುತ್ತವೆ. ಅವುಗಳಲ್ಲಿ ತೀರ ಸಣ್ಣವು ನೀಲಿಯನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ. ನೀರಿನಲ್ಲಿ ಕರಗಿದ ಸ್ವಲ್ಪ ಕಬ್ಬಿಣ, ಸ್ವಲ್ಪ ಎಲೆಗೊಳೆಯ ರಸ ನೇರಳೆ ಬದಿಯ ಬೆಳಕನ್ನು ನುಂಗುವುದರಿಂದ ಒಂದು ಹಸಿರು ಎಳೆ ಸೇರಿಕೊಳ್ಳುತ್ತದೆ.

ಕಣಗಳು ಯಾಕೆ ತಳಕ್ಕೆ ಕೂರುವುದಿಲ್ಲ ಎಂಬುದು ಇನ್ನೂ ಸೊಗಸಾದ ಲೆಕ್ಕ. ಜೇಡಿಕಣ ಎಂದು ಕರೆಸಿಕೊಳ್ಳಲು ಅದರ ಅಡ್ಡಳತೆ 0.002 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಆ ಗಾತ್ರದ ಕಣವೊಂದು ನಿಶ್ಚಲವಾದ ನೀರಿನಲ್ಲಿ ಕೇವಲ 10 ಸೆಂಟಿಮೀಟರ್ ಇಳಿಯಲು ಏಳೆಂಟು ಗಂಟೆ ಬೇಕು. ಹತ್ತು ಮೀಟರ್ ಆಳಕ್ಕೆ ಸುಮಾರು ಒಂದು ತಿಂಗಳು. ಕಣದ ಗಾತ್ರ ಅರ್ಧವಾದರೆ ಹೊತ್ತು ನಾಲ್ಕು ಪಟ್ಟು. ಆ ನಡುವೆ ಒಮ್ಮೆ ಗಾಳಿ ಬೀಸಿ ನೀರು ಕಲಕಿದರೆ ಎಲ್ಲ ಮೊದಲಿನಿಂದ. ಮಾವ ಇದನ್ನೇ ನಕ್ಷತ್ರಗಳ ಲೆಕ್ಕದಲ್ಲಿ ಹೇಳಿದರು: ಮೃಗಶಿರಾ, ಆರಿದ್ರಾ ಮಳೆಯಲ್ಲಿ ಹೊಂಡದ ನೀರು ಕೆಂಪು ಚಹದಂತೆ; ಆಶ್ಲೇಷಾ ಕಳೆಯುವವರೆಗೂ ಹಾಗೆಯೇ; ಹಸ್ತ ಚಿತ್ತೆಯ ಹೊತ್ತಿಗೆ ಒಳಹರಿವು ನಿಂತು ಕೆಂಪು ತಳ ಸೇರಿ ಈ ಬಣ್ಣ ಏಳುತ್ತದೆ; ಚೈತ್ರ ವೈಶಾಖದಲ್ಲಿ ನೀರು ಇಳಿದು ಬರೀ ಬಿಳಿ ಕದಡು. ದೊಡ್ಡ ಕಣ ಮೊದಲು ಕೂರುತ್ತದೆ, ಸಣ್ಣದು ತೇಲುತ್ತ ಉಳಿಯುತ್ತದೆ ಎಂಬ ನಿಯಮವನ್ನು ಇಷ್ಟು ಚೊಕ್ಕವಾಗಿ ನಾನು ಯಾವ ಪಾಠದಲ್ಲಿಯೂ ಹೇಳಿಲ್ಲ.

ನಾವು ನಿಂತಿದ್ದ ಕಡೆ ಯಾರೋ ಕೆರೆದು ಎಸೆದ ಶೇಡಿಯ ಹೆಂಟೆಯೊಂದು ಬಿದ್ದಿತ್ತು. ಕೈಯಲ್ಲಿ ಎತ್ತಿಕೊಂಡಾಗ ಬೆರಳಿಗೆ ಬಿಳಿ ಹತ್ತಿತು, ಮತ್ತು ಆ ನುಣುಪು ನನ್ನನ್ನು ನೇರ ಅಜ್ಜಿಯ ಬಳಿಗೆ ಒಯ್ದಿತು. ಅಜ್ಜಿಯ ತವರು ಘಟ್ಟದ ಮೇಲೆ, ಸಿದ್ದಾಪುರದ ಕಡೆ. ದೀಪಾವಳಿಗೆ ಮುಂಚೆ ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಶೇಡಿಯನ್ನು ನೀರಿನಲ್ಲಿ ಕದಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಿದ್ದರು. ನಾನು ಬಟ್ಟಲು ಹಿಡಿದು ನಿಲ್ಲುತ್ತಿದ್ದೆ. ಗಳಿಗೆಗೊಮ್ಮೆ ಕದಡದಿದ್ದರೆ ಬಿಳಿ ತಳಕ್ಕಿಳಿಯುತ್ತದೆ ಎಂದು ಗದರುತ್ತಿದ್ದರು. ಕೆಮ್ಮಣ್ಣು ಮತ್ತು ಶೇಡಿ, ಎರಡೂ ಇದೇ ಬೇಣದವು. ವಿಡಿಯೊದಲ್ಲಿ ನೋಡಿದಾಗ ಎಲ್ಲಿಯೋ ದೂರದೇಶದಿಂದ ತಂದು ಇಟ್ಟಂತೆ ಕಂಡ ಬಣ್ಣಗಳು ನಮ್ಮ ಜಗಲಿಯ ಗೋಡೆಯವೇ ಆಗಿದ್ದವು. ಕೆಂಪು ಗೋಡೆ ಮೇಲೆ, ಶೇಡಿ ಕೆಳಗೆ, ನಡುವೆ ಮಳೆಯ ನೀರು ಮತ್ತು ಬಿಸಿಲು.

ಮೂರನೆಯ ಹೊಂಡ ಆಳವಿಲ್ಲದ ಹರವು. ಶೇಡಿ ತಲುಪುವ ಮೊದಲೇ ಬಿಟ್ಟದ್ದು. ಗೋಡೆಯ ಬುಡದಿಂದ ಒರತೆಯೊಂದು ಜಿನುಗುತ್ತ ಕಿತ್ತಳೆ ಬಣ್ಣದ ಗಸಿಯನ್ನು ಬಿಟ್ಟಿದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ತೇಲುತ್ತಿತ್ತು. ಯಂತ್ರದ ಎಣ್ಣೆ ಸೋರಿದೆ ಎಂದು ಊರಿನಲ್ಲಿ ಮಾತು. ನಾನು ಒಣ ಕಡ್ಡಿಯಿಂದ ಪದರವನ್ನು ತಟ್ಟಿ ನೋಡಿದೆ. ಎಣ್ಣೆಯಾದರೆ ಕಡ್ಡಿ ಸರಿದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಇದು ಒಡೆದ ಗಾಜಿನಂತೆ ಚೂರು ಚೂರಾಗಿ ಹಾಗೆಯೇ ಉಳಿಯಿತು. ನೆಲದೊಳಗೆ ಗಾಳಿ ಸೋಕದ ನೀರಿನಲ್ಲಿ ಕರಗಿದ್ದ ಕಬ್ಬಿಣ ಹೊರಗೆ ಬಂದು ತುಕ್ಕಾಗುವಾಗ, ಅದರಿಂದ ಬದುಕುವ ಬ್ಯಾಕ್ಟೀರಿಯಾಗಳೂ ಸೇರಿ ಇಂಥ ಪದರವನ್ನು ಕಟ್ಟುತ್ತವೆ. ಮಾವ ತಾವೂ ಒಂದು ಕಡ್ಡಿ ಹಿಡಿದು ಎರಡು ಮೂರು ಕಡೆ ಒಡೆದು ನೋಡಿ ಸಮಾಧಾನಪಟ್ಟರು.

ಕೈಬಿಟ್ಟ ಗಣಿಗಳಲ್ಲಿ ಬಣ್ಣದ ಕೆರೆ ಏಳುವುದು ಬೇರೆ ದೇಶಗಳಲ್ಲೂ ಇದೆ, ಮತ್ತು ಪ್ರತಿಯೊಂದಕ್ಕೂ ಕಾರಣ ಬೇರೆ. ಇಂಡೊನೇಷ್ಯಾದ ಬೆಲಿತುಂಗ್ ದ್ವೀಪದ ಕಯೋಲಿನ್ ಕೆರೆ ನಮ್ಮ ಹೊಂಡದ ದೊಡ್ಡಕ್ಕನಂತಿದೆ. ಅಲ್ಲಿಯೂ ಬಿಳಿ ಜೇಡಿ ತೆಗೆದ ಜಾಗದಲ್ಲಿ ನೀಲಿ ನೀರು. ಪೋಲೆಂಡಿನ ವ್ಯೆಸ್ಚಿಷೊವಿತ್ಸೆ ಎಂಬಲ್ಲಿ 18ನೇ ಶತಮಾನದ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಗಣಿಗಳು ನೇರಳೆ, ನೀಲಿ, ಹಸಿರು ಕೆರೆಗಳಾಗಿವೆ. ಪೈರೈಟಿನ ಗಂಧಕ ಗಾಳಿ ನೀರಿನೊಂದಿಗೆ ಸೇರಿ ಆಮ್ಲವಾಗುವುದರಿಂದ ಅಲ್ಲಿಯ ನೇರಳೆ ಕೆರೆಯ ನೀರು ಹುಳಿ. ಇಂಗ್ಲೆಂಡಿನ ಬಕ್ಸ್‌ಟನ್ ಹತ್ತಿರದ ಹಾರ್ಪರ್ ಹಿಲ್‌ನ ಕೆರೆಯ ಕಥೆ ನನ್ನನ್ನು ಹೆಚ್ಚು ಕಾಡಿದ್ದು. ಸುಣ್ಣದ ಕಲ್ಲಿನ ಹಳೆಯ ಗಣಿಯಲ್ಲಿ ನಿಂತ ಆ ನೀರು ಕಣ್ಣಿಗೆ ಉಷ್ಣವಲಯದ ಕಡಲಿನಂತೆ. ಆದರೆ ಹುಳಿ ಮತ್ತು ಕ್ಷಾರವನ್ನು ಅಳೆಯುವ ಪಿಎಚ್ ಅದರಲ್ಲಿ 11.3, ಅಮೋನಿಯಾ ದ್ರಾವಣದ ಸಮೀಪ. ಚರ್ಮ ಸುಡುತ್ತದೆ ಎಂದು ಫಲಕ ಹಾಕಿದರೂ ಜನ ಮಕ್ಕಳೊಡನೆ ಇಳಿಯುವುದನ್ನು ಬಿಡಲಿಲ್ಲ. ಕೊನೆಗೆ 2013ರಲ್ಲಿ ಅಲ್ಲಿಯ ಸ್ಥಳೀಯ ಆಡಳಿತ ನೀರಿಗೆ ಕಪ್ಪು ಬಣ್ಣ ಹಾಕಿಸಿತು. ಬಣ್ಣ ಹೋಯಿತು, ಜನ ಬರುವುದು ಕಡಿಮೆಯಾಯಿತು. ಎಚ್ಚರಿಕೆಯ ಮಾತಿಗೆ ಬಗ್ಗದ ಜನ ಬಣ್ಣ ಕಳೆದಾಗ ದೂರ ಸರಿದರು ಎಂಬುದನ್ನು ಓದಿದಾಗ ನನಗೆ ಮನುಷ್ಯರ ಕಣ್ಣಿನ ಮೇಲೆ ಭಯ ಹುಟ್ಟಿತು.

ನಮ್ಮ ಹೊಂಡದ ನೀರು ಹಾಗೆ ಸುಡುವಂಥದ್ದಲ್ಲ. ಶಾಲೆಯಿಂದ ತಂದಿದ್ದ ಪಿಎಚ್ ಕಾಗದವನ್ನು, ಮಾವ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತುಂಬಿಸಿದ ತಂಬಿಗೆಯ ನೀರಿನಲ್ಲಿ ಅದ್ದಿ ನೋಡಿದಾಗ ಅದು 6ರ ಬಣ್ಣಕ್ಕೆ ತಿರುಗಿತು. ಮಳೆನೀರಿಗಿಂತ ಬಹಳ ಬೇರೆಯಲ್ಲ. ಅಪಾಯ ಇರುವುದು ಹೊಂಡದ ಆಕಾರದಲ್ಲಿ. ಯಂತ್ರದ ದುಂಡು ಅಲಗು ಕಲ್ಲನ್ನು ಕೊಯ್ಯುವುದರಿಂದ ಗೋಡೆಗಳು ಕತ್ತರಿಸಿದ ಬೆಣ್ಣೆಯಂತೆ ನೆಟ್ಟಗಿವೆ. ಕಾಲಿಡಲು ಗೂಡಿಲ್ಲ, ಹಿಡಿಯಲು ಬೇರಿಲ್ಲ. ಕೊಡಲಿಯ ಕಾಲದ ಹೊಂಡದಲ್ಲಿ ಕಲ್ಲು ಹೊತ್ತು ಹತ್ತಲೆಂದು ಬಿಟ್ಟ ಮೆಟ್ಟಿಲು ಇರುತ್ತಿತ್ತು. ಇಲ್ಲಿ ಲಾರಿ ಇಳಿಯಲು ಮಾಡಿದ್ದ ದಾರಿಯೊಂದೇ, ಅದೂ ಈಗ ನೀರಿನೊಳಗೆ. ಆ ದಾರಿಯೇ ಹೆಚ್ಚು ಮೋಸದ್ದು, ಏಕೆಂದರೆ ಮೇಲಿನಿಂದ ಅದು ಕೆರೆಯ ಸೋಪಾನದಂತೆ ಕಾಣುತ್ತದೆ. ನೆನೆದ ಶೇಡಿಯ ಮೇಲೆ ಅಂಗಾಲು ನಿಲ್ಲುವುದಿಲ್ಲ. ನೀರು ಹಾಲಿನಂತಿರುವುದರಿಂದ ಒಂದು ಮೊಳದ ಕೆಳಗೆ ಏನಿದೆ ಎಂಬುದು ಕಾಣದು. ಮೇಲಿನ ನೀರು ಬಿಸಿಲಿಗೆ ಬೆಚ್ಚಗಿದ್ದರೂ ಆಳದಲ್ಲಿ ಒಮ್ಮೆಲೇ ತಣ್ಣಗೆ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಜೊತೆ ಓದಿದ್ದ ಹುಡುಗನೊಬ್ಬ ಗೆಳೆಯರೊಡನೆ ಇಲ್ಲಿ ಈಜಲು ಬಂದಿದ್ದ. ಹೊಳೆಯಲ್ಲಿ ಚೆನ್ನಾಗಿ ಈಜುತ್ತಿದ್ದವನು. ದಡಕ್ಕೆ ಮೂರು ಅಡಿ ದೂರದಲ್ಲಿ, ಹತ್ತಲಾಗದೆ, ಕೈ ಸೋತು ಮುಳುಗಿದ. ಮೇಲೆ ನಿಂತವರ ಬಳಿ ಒಂದು ಹಗ್ಗ ಇರಲಿಲ್ಲ. ಮಾವ ಆ ದಿನ ತೋಟದಿಂದ ಕೂಗು ಕೇಳಿ ಓಡಿ ಬಂದವರಲ್ಲಿ ಒಬ್ಬರು. ಅವರು ಈ ವಿಷಯವನ್ನು ಎರಡೇ ವಾಕ್ಯದಲ್ಲಿ ಹೇಳಿ, ಗೇರುಮರದ ಬುಡದಲ್ಲಿ ಸುತ್ತಿಟ್ಟಿದ್ದ ನೈಲಾನ್ ಹಗ್ಗವನ್ನು ತೋರಿಸಿದರು. ತಂಬಿಗೆ ಇಳಿಸಿದ್ದು ಅದೇ ಹಗ್ಗದಿಂದ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಅದನ್ನು ಬದಲಿಸುತ್ತಾರೆ. ದಿನಕ್ಕೊಮ್ಮೆ ಬೇಣ ಹತ್ತುವುದು ಯಾಕೆ ಎಂದು ಆಗ ನನಗೆ ಅರ್ಥವಾಯಿತು.

ತೆರೆದ ಗಣಿಯ ಮೇಲಂಚಿಗೆ ಭದ್ರವಾದ ಬೇಲಿ ಇರಬೇಕೆಂದು ಗಣಿ ಸುರಕ್ಷತೆಯ ನಿಯಮಗಳು ಹೇಳುತ್ತವೆ. ಚಿರೆಕಲ್ಲಿನಂಥ ಉಪಖನಿಜಗಳಿಗೆ ಕರ್ನಾಟಕದಲ್ಲಿ 1994ರ ನಿಯಮಗಳಿವೆ. 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಮೊದಲೇ ಪರಿಸರ ಅನುಮತಿ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿದೆ. ಕಲ್ಲು ತೆಗೆದವರು ಯಂತ್ರವನ್ನು ಬೇರೆಡೆಗೆ ಒಯ್ದು ಬಹಳ ಕಾಲವಾಗಿದೆ, ಜಾಗ ಕೈ ಬದಲಿಸಿದೆ, ಮತ್ತು ಊರಿನವರು ಕೊಟ್ಟ ಎರಡು ಅರ್ಜಿಗಳಿಗೆ ಉತ್ತರ ಬಂದಿಲ್ಲ. ಬೇಲಿಯ ಬದಲು ಈಗ ವಿಡಿಯೊ ನೋಡಿ ಬರುವವರ ಬೈಕುಗಳು ಅಂಚಿನವರೆಗೆ ಮಾಡಿದ ಕಾಲುದಾರಿ ಇದೆ. ಊರಿನ ಹೆಸರನ್ನು ನಾನು ಬರೆಯದಿರುವುದು ಇದಕ್ಕಾಗಿ. ಇದನ್ನು ಪ್ರವಾಸಿ ತಾಣ ಮಾಡಿದರೆ ನಾಲ್ಕು ಜನಕ್ಕೆ ಅಂಗಡಿ ಆಗುತ್ತದೆ ಎನ್ನುವವರೂ ಊರಿನಲ್ಲಿದ್ದಾರೆ. ಅವರ ಆಸೆ ತಪ್ಪೆಂದು ನಾನು ಹೇಳಲಾರೆ. ಆದರೆ ನನ್ನ ಅಭಿಪ್ರಾಯ ಸ್ಪಷ್ಟ. ಮೊದಲು ಬೇಲಿ, ಒಂದು ಮಗ್ಗುಲನ್ನು ಇಳಿಜಾರಾಗಿ ಕಡಿದು ಹತ್ತಿ ಬರಲು ದಾರಿ, ಅಂಚಿನಲ್ಲಿ ಹಗ್ಗ ಮತ್ತು ತೇಲುವ ಟ್ಯೂಬು. ಅದಾದ ಮೇಲೆ ನೋಡುವವರು ದೂರದಿಂದ ನೋಡಲಿ. ಹಳೆಯ ಹೊಂಡದ ಒಂದು ಮಗ್ಗುಲು ಕುಸಿದು ಇಳಿಜಾರಾದದ್ದರಿಂದ ಅಲ್ಲಿ ಎಮ್ಮೆಯೂ ಕಪ್ಪೆಯೂ ನೈದಿಲೆಯೂ ಬದುಕಿವೆ.

ನೀರಿನ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ತೂತು ತೂತಾದ ಚಿರೆಕಲ್ಲಿನ ಗುಡ್ಡ ಮಳೆಯನ್ನು ಹೀರಿ, ಬೇಸಿಗೆಯಲ್ಲಿ ಅದನ್ನು ಒರತೆಯಾಗಿ ಬುಡದ ತೋಟಗಳಿಗೆ, ಬಾವಿಗಳಿಗೆ ಬಿಡುತ್ತದೆ. ಕಲ್ಲು ತೆಗೆದಷ್ಟೂ ಆ ಸ್ಪಂಜು ಕಡಿಮೆ. ನೀಲಿ ನೀರಿನ ಹೊಂಡ ಆಳವಾದ ಮೇಲೆ ತಮ್ಮ ಬಾವಿಯ ನೀರು ಏಪ್ರಿಲಿನಲ್ಲಿ ಮೊದಲಿಗಿಂತ ಮೂರು ಕಲ್ಲುಸಾಲು ಕೆಳಗೆ ಹೋಗುತ್ತದೆ ಎಂದು ಮಾವ ಬಾವಿಯ ಒಳಗೋಡೆಯ ಗುರುತು ತೋರಿಸಿದರು. ಹೊಂಡದಲ್ಲಿ ನೀರು ಕಣ್ಣಿಗೆ ತುಂಬಿ ಕಾಣುತ್ತಿದೆ, ಆದರೆ ಶೇಡಿಯ ಮೇಲೆ ಕುಳಿತ ಅದು ಬಾವಿಗೆ ಇಳಿಯುತ್ತಿಲ್ಲ, ಬಿಸಿಲಿಗೆ ಆವಿಯಾಗುತ್ತಿದೆ. ಹಾಗೆಂದು ನಾನು ಕಲ್ಲು ಕಡಿಯುವುದನ್ನೇ ದೂರಲಾರೆ; ಅಜ್ಜಿಮನೆ ನಿಂತಿರುವುದು ಆ ಕಲ್ಲಿನಲ್ಲಿಯೇ. ಒಂದು ಮನೆಗೆ, ಒಂದು ಪಾಗಾರಕ್ಕೆ ಕಡಿದ ಹೊಂಡಕ್ಕೂ, ಲಾರಿಗಟ್ಟಲೆ ಕಲ್ಲು ಸಾಗಿಸಿದ ಹೊಂಡಕ್ಕೂ ಆಳದಲ್ಲಿ ಇರುವ ಅಂತರವನ್ನು ಬೇಣದ ಮೇಲೆ ನಿಂತು ಕಣ್ಣಾರೆ ಅಳೆಯಬಹುದು.

ಬರುವಾಗ ಶೇಡಿಯ ಹೆಂಟೆಯನ್ನು ಕಾಗದದಲ್ಲಿ ಕಟ್ಟಿ ತಂದೆ. ಕಾರವಾರದ ಮನೆಯಲ್ಲಿ ಎರಡು ಗಾಜಿನ ಭರಣಿಗಳಿಗೆ ಬಾವಿಯ ನೀರು ತುಂಬಿ, ಒಂದೊಂದಕ್ಕೆ ಅರ್ಧ ಚಮಚ ಶೇಡಿ ಕದಡಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಮೊದಲ ದಿನ ಎರಡೂ ಬರೀ ಬಿಳಿ. ಎರಡನೆಯ ರಾತ್ರಿ ದೀಪ ಆರಿಸಿ ಮೊಬೈಲಿನ ಟಾರ್ಚನ್ನು ಭರಣಿಯ ಹಿಂದೆ ಹಿಡಿದಾಗ ಅದರೊಳಗಿಂದ ತೂರಿ ಬಂದ ಬೆಳಕು ಹಳದಿಯಾಗಿತ್ತು. ಪಕ್ಕದಿಂದ ನೋಡಿದಾಗ ನೀರಿನ ನಡುವೆ ತೆಳುವಾದ ನೀಲಿ. ಮಗನನ್ನು ಎಬ್ಬಿಸಿ ತೋರಿಸಿದೆ. ಮೂರನೆಯ ದಿನ ಬೆಳಿಗ್ಗೆ ಅವನು ಒಂದು ಭರಣಿಗೆ ಚಿಟಿಕೆ ಪಟಿಕ ಹಾಕಿದ. ಕಣಗಳು ಒಂದಕ್ಕೊಂದು ಅಂಟಿ ಮಂಜಿನ ಹಳುಕುಗಳಂತೆ ಇಳಿಯತೊಡಗಿದವು, ಮಧ್ಯಾಹ್ನದ ಊಟದ ಹೊತ್ತಿಗೆ ಆ ಭರಣಿಯ ನೀರಿನ ಮೂಲಕ ಕಿಟಕಿಯಾಚೆಯ ತೆಂಗಿನಮರ ನಿಚ್ಚಳವಾಗಿ ಕಾಣುತ್ತಿತ್ತು. ತಳದಲ್ಲಿ ಬೆರಳಿನಷ್ಟು ದಪ್ಪಕ್ಕೆ ಬಿಳಿ ಕೂತಿತ್ತು. ಅವನು ನೀರನ್ನು ಬಸಿದು, ಆ ಬಿಳಿಯನ್ನು ಬಟ್ಟಲಿಗೆ ಹಾಕಿಕೊಂಡು, ದೀಪಾವಳಿಗೆ ಹೊಸ್ತಿಲ ಪಕ್ಕ ಎಳೆ ಬರೆಯಲು ನಾರಿನ ಕುಂಚ ಎಲ್ಲಿ ಸಿಗುತ್ತದೆ ಎಂದು ಕೇಳಿದ.